ಅರೆಬಿಚ್ಚಿದ ಬೀಸಣಿಗೆ

ಫ್ರೆಂಡ್‌ಶಿಪ್ ಬ್ಯಾಂಡ್ ಹೆಣೆಯುವ ಹುಚ್ಚು ಹತ್ತಿದವರು ಹೃದಯ, ಹೂವು, ಮೀನಿನ ಮುಳ್ಳು ಎಲ್ಲ ಮುಗಿಸಿ ಒಂದಲ್ಲ ಒಂದು ದಿನ ಜಪಾನಿನ ಮಡಿಸುವ ಬೀಸಣಿಗೆಗೆ ಕೈಹಾಕುತ್ತಾರೆ. ಕೆಳಗೊಂದು ಕೀಲು, ಅಲ್ಲಿಂದ ಹರಡಿದ ಕಡ್ಡಿಗಳು, ಮೇಲೊಂದು ಕಮಾನು. ಏನು ಮಹಾ! ನನ್ನ ಮೊದಲ ಬೀಸಣಿಗೆ ಕೋಳಿಕಾಲಿನ ಹಾಗೆ ಬಂತು.

ಧಾರವಾಡದ ಕಸೂತಿಯಲ್ಲಿ ಗಂಟೇ ಹಾಕುವಂತಿಲ್ಲ. ಇಲ್ಲಿ ಗಂಟು ಬಿಟ್ಟರೆ ಬೇರೇನಿಲ್ಲ. ಕಸೂತಿಯ ಸೂಜಿ ಬೇಕಾದಲ್ಲಿ ಬಟ್ಟೆಗಿಳಿಯುತ್ತದೆ. ಗಂಟಿನಲ್ಲಿ ಬಣ್ಣ ನಡೆದೇ ಬರಬೇಕು. ಒಂದು ಎಳೆ ಪಕ್ಕದ ಎಳೆಯನ್ನು ಎರಡು ಸಲ ಸುತ್ತಿ ಬಿಗಿದರೆ ಒಂದು ಗಂಟು. ಸುತ್ತಿದ್ದರ ಬಣ್ಣ ಮೇಲೆ, ಸುತ್ತಿಸಿಕೊಂಡದ್ದು ಒಳಗೆ. ಸಾಲಿನಿಂದ ಸಾಲಿಗೆ ಎಳೆ ಓರೆಯಾಗಿ ಸರಿಯುತ್ತದೆ, ಹೆಚ್ಚುಕಡಿಮೆ 45 ಡಿಗ್ರಿ. ಎಡಕ್ಕಷ್ಟು, ಬಲಕ್ಕಷ್ಟು. ಅಲ್ಲಿಗೆ ಕಡ್ಡಿಗಳು ಕಾಲುಚಕ್ರದಷ್ಟು ಬಿಚ್ಚಿಕೊಂಡವು, ಮುಗಿಯಿತು. ಪೂರಾ ಬಿಚ್ಚಿದ ಬೀಸಣಿಗೆ ಬೇಕೆಂದು ಹಟ ಹಿಡಿದರೆ ಸಿಗುವುದು ಕೋಳಿಕಾಲೇ.

ಕಾಗದದ ಬೀಸಣಿಗೆಯ ನಯವಾದ ಕಮಾನನ್ನು ಬಿಟ್ಟು ನಾನೀಗ ಹಳೆಯದೊಂದನ್ನು ಮಾದರಿ ಮಾಡಿಕೊಂಡಿದ್ದೇನೆ. ಕ್ಯೋಟೋದ ತೋಜಿ ದೇವಾಲಯದಲ್ಲಿ ಸಾವಿರ ಕೈಗಳ ಕನ್ನೊನ್ ವಿಗ್ರಹದ ತೋಳಿನೊಳಗೆ 877ರ ಬರಹವಿರುವ ಬೀಸಣಿಗೆ ಸಿಕ್ಕಿತ್ತು. ಹಿನೋಕಿ ಮರದ ತೆಳುಪಟ್ಟಿಗಳದ್ದು. ಈ ಜಾತಿಯ ಬೀಸಣಿಗೆಯಲ್ಲಿ ಪಟ್ಟಿಗಳನ್ನು ಮೇಲುಗಡೆ ಹಿಡಿದಿಡುವುದೂ ದಾರವೇ. ಪಟ್ಟಿ ಪಟ್ಟಿಯಾಗಿ ನೇರ ಇಳಿಯುವ ಈ ರೂಪ ಗಂಟಿಗೆ ಹೇಳಿ ಮಾಡಿಸಿದಂತಿದೆ.

ಬಣ್ಣಕ್ಕೆ ಮಾತ್ರ ಬೇರೆ ಕಡೆ ಹೋದೆ. 1185ರ ಯಾಶಿಮಾ ಕಾಳಗದಲ್ಲಿ ತೈರಾ ಕಡೆಯವರು ದೋಣಿಯಲ್ಲಿ ಕೋಲು ನೆಟ್ಟು ಸೂರ್ಯಬಿಂಬದ ಕೆಂಪು ಬೀಸಣಿಗೆ ಏರಿಸಿದರು, ಎದುರು ಪಕ್ಷದ ಬಿಲ್ಲುಗಾರ ನಾಸು ನೊ ಯೊಯಿಚಿ ಕುದುರೆಯ ಮೇಲಿಂದ ಬಾಣ ಬಿಟ್ಟು ಅದನ್ನು ಉರುಳಿಸಿದ ಎಂದು ಜಪಾನಿನ ಹಳೆಯ ಯುದ್ಧಕಾವ್ಯ ಹೇಯ್ಕೆ ಕಥನ ಹೇಳುತ್ತದೆ. ಹಾಗಾಗಿ ನೀಲಿ ನೆಲ, ಕೆಂಪು ಪಟ್ಟಿ, ನಡುವೆ ಹಳದಿ ಸೂರ್ಯ. ಇಪ್ಪತ್ತು ಎಳೆ, ಒಂದು ಸಾಲಿಗೆ ಹತ್ತು ಗಂಟು, ಮುಂದಿನದಕ್ಕೆ ಒಂಬತ್ತು.

ಸೂರ್ಯನದೇ ಪೇಚಾಟ. 1-2-1 ಎಂದು ನಾಲ್ಕು ಗಂಟು ಹಾಕಿದರೆ ಶಂಕರಪೋಳಿ. 2-3-2 ಎಂದು ಏಳು ಹಾಕಿದಾಗ ದುಂಡಗಾದ. ಆದರೆ ಕೆಂಪಿನ ನಡುವೆ ಹಳದಿ ಬರುವುದೆಲ್ಲಿಂದ? ಕೆಂಪು ಗಂಟುಗಳ ಹೊಟ್ಟೆಯೊಳಗೇ ಅಡಗಿಕೊಂಡು ಬರಬೇಕು. ಸರದಿ ಬಂದಾಗ ಮೇಲೆದ್ದು ತಾನೇ ಸುತ್ತಿ, ಮತ್ತೆ ಒಳಗೆ ಮಲಗಬೇಕು. ಆ ಜಾಗ ತಲುಪಿದಾಗ ನಾನಂತೂ ಫೋನ್ ಎತ್ತುವುದಿಲ್ಲ.

ಇನ್ನೊಂದು. ಸುತ್ತುವ ಎಳೆ ಬೇಗ ಕರಗುತ್ತದೆ, ಸುತ್ತಿಸಿಕೊಳ್ಳುವುದು ಉಳಿಯುತ್ತದೆ. ಎಲ್ಲವನ್ನೂ ಸಮನಾಗಿ ಕತ್ತರಿಸಿ, ಮೂರನೆಯ ಬೀಸಣಿಗೆಯ ಅಂಚಿನಲ್ಲಿ ಕೆಂಪು ಮುಗಿದುಹೋಗಿ ಒಂದು ಭಾನುವಾರ ಮಣ್ಣುಪಾಲಾಯಿತು. ಈಗ ಕೆಂಪಿಗೆ ಒಂದು ಮೊಳ ಜಾಸ್ತಿ.

ಕೀಲಿನಿಂದ ಶುರುವಾಗುವುದರಿಂದ ಬೀಸಣಿಗೆ ನಮ್ಮ ಮಡಿಲ ಕಡೆಗೇ ತಲೆಕೆಳಗಾಗಿ ಬಿಚ್ಚುತ್ತಾ ಬರುತ್ತದೆ. ಪಿನ್ನು ಕಿತ್ತು, ಪಟ್ಟಿ ತಿರುಗಿಸಿ ಹಿಡಿಯುವವರೆಗೆ ಕಮಾನು ಸರಿ ಬಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.