ಅಲಂಪುರದ ಕಪ್ಪು ಗೆರೆ, ಇಂದಿನ ಬಣ್ಣದ ಪಟ

ನೆಲದಾಳದ ಚಿತ್ರವೆಂದು ಇಂದು ಅಚ್ಚಾಗುವುದೆಲ್ಲ ಬಣ್ಣದ್ದು. ಅಲೆ ನಿಧಾನವಾದಲ್ಲಿ ಕೆಂಪು, ವೇಗವಾದಲ್ಲಿ ನೀಲಿ, ನಡುವೆ ಹಳದಿ ಹಸಿರು ಒಂದರೊಳಗೊಂದು ಕರಗಿರುತ್ತವೆ. ಇಂಥ ಪಟಗಳಿಗೆ ‘ಭೂಮಿಯ ಎಕ್ಸ್‌ರೇ’, ‘ಭೂಮಿಯ ಸಿ.ಟಿ. ಸ್ಕ್ಯಾನ್’ ಎಂಬ ಬಿರುದು ಅಂಟಿ ಬಹಳ ಕಾಲವಾಯಿತು. ಇತ್ತ ಅಲಂಪುರದಿಂದ ಕೋನಿಕಿ ಮಾರ್ಗವಾಗಿ ಪೂರ್ವ ಕರಾವಳಿಯ ಗಣಪೇಶ್ವರಂವರೆಗೆ ಭೂಕಂಪನ ಅಲೆಗಳಿಂದ ಅಳೆದು ಬರೆದ ಗೆರೆಚಿತ್ರವೊಂದು ತಜ್ಞರ ಪ್ರಬಂಧಗಳ ಕೊನೆಯ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದುಕೊಂಡಿದೆ. ಮೊದಲನೆಯದಕ್ಕೆ ಸಿಕ್ಕ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಎರಡನೆಯದಕ್ಕೆ ಸಲ್ಲಬೇಕಾದ ಓದು ಇನ್ನೂ ಸಂದಿಲ್ಲ.

ಬಿರುದಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಸಿ.ಟಿ. ಯಂತ್ರದಲ್ಲಿ ಕಿರಣ ದೇಹದ ಸುತ್ತ ಎಲ್ಲ ಕಡೆಯಿಂದಲೂ ಹಾಯುತ್ತದೆ, ಒಂದು ಬದಿಯಿಂದ ಹೊಕ್ಕದ್ದು ಎದುರು ಬದಿಯಲ್ಲಿ ಸಿಗುತ್ತದೆ, ಅದೂ ಹೆಚ್ಚುಕಡಿಮೆ ನೆಟ್ಟಗೆ ಹೋಗಿ. ನೆಲದ ಸಮೀಕ್ಷೆಯಲ್ಲಿ ಸಿಡಿಮದ್ದು ಇರುವುದೂ ಮೇಲೆ, ಅಲೆ ಹಿಡಿಯುವ ಜಿಯೊಫೋನ್ ಇರುವುದೂ ಮೇಲೆ. ಇಳಿದ ಅಲೆಯಲ್ಲಿ ತಿರುಗಿ ಬಂದಷ್ಟೇ ನಮ್ಮ ಪಾಲು. ಅಲೆ ಹಾಯುವ ದಾರಿಯನ್ನು ಬಾಗಿಸುವುದು ಯಾವ ಕಲ್ಲಿನ ಗುಣವನ್ನು ನಾವು ಹುಡುಕುತ್ತಿದ್ದೇವೋ ಅದೇ ಕಲ್ಲು. ಅಂದರೆ ದಾರಿ ಗೊತ್ತಾಗಲು ಕಲ್ಲು ಗೊತ್ತಿರಬೇಕು, ಕಲ್ಲು ಗೊತ್ತಾಗಲು ದಾರಿ ಗೊತ್ತಿರಬೇಕು. ವೈದ್ಯರ ಫಿಲ್ಮಿನ ಮೇಲಿರುವ ನಂಬಿಕೆಯನ್ನು ಈ ಪಟಗಳಿಗೆ ದಾಟಿಸಿದವರು ಓದುಗರಿಗೆ ಉಪಕಾರ ಮಾಡಲಿಲ್ಲ.

ಆಳ ಭೂಕಂಪನ ಸಮೀಕ್ಷೆಯ ಹಿನ್ನೆಲೆ ಈ ವಿಷಯ ಓದುವವರಿಗೆ ತಿಳಿದದ್ದೇ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸೋವಿಯತ್ ವಿಜ್ಞಾನಿಗಳ ಜೊತೆಗೂಡಿ 1970ರ ದಶಕದಲ್ಲಿ ಕಾವಲಿಯಿಂದ ಉಡುಪಿಯವರೆಗೆ, ಸಮುದ್ರದಿಂದ ಸಮುದ್ರಕ್ಕೆ, ಸುಮಾರು 600 ಕಿ.ಮೀ. ಅಳೆಯಿತು. ಅದರ ಫಲಿತಾಂಶವನ್ನು ಕೆ. ಎಲ್. ಕೈಲಾ ಮತ್ತು ಜೊತೆಗಾರರು 1979ರಲ್ಲಿ ಪ್ರಕಟಿಸಿದರು. ಧಾರವಾಡ ಶಿಲಾನೆಲೆಯ ಬಗ್ಗೆ ಬರೆಯುವವರು ಯಾರೇ ಆಗಲಿ, ಆ ಗೆರೆಯನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ. ಅಲಂಪುರದ ಗೆರೆ ಕಡಪಾ ದ್ರೋಣಿಯ ಉತ್ತರ ಭಾಗವನ್ನು ದಾಟುತ್ತದೆ. ಅದರ ಪ್ರಬಂಧ ಕೈಲಾ, ತಿವಾರಿ ಮತ್ತಿತರರ ಹೆಸರಿನಲ್ಲಿ 1987ರ ‘ಟೆಕ್ಟನೊಫಿಸಿಕ್ಸ್’ನಲ್ಲಿ ಬಂತು. ನವಬ್ರಹ್ಮ ದೇಗುಲಗಳಿಂದಾಗಿ ಬಾದಾಮಿ ಚಾಲುಕ್ಯರ ಚರಿತ್ರೆ ಓದುವ ಕನ್ನಡಿಗರಿಗೆ ಅಲಂಪುರ ಚಿರಪರಿಚಿತ. ಅದೇ ಊರಿನಿಂದ ಹೊರಟ ಈ ಗೆರೆಯ ಸುದ್ದಿ ಮಾತ್ರ ಗದ್ವಾಲದಿಂದ ರಾಯಚೂರಿಗೂ ಬಂದು ಮುಟ್ಟಲಿಲ್ಲ.

ಅಲಂಪುರದ ಪ್ರಬಂಧವನ್ನು ಅಳೆಯಬೇಕಾದರೆ ಅದೇ ಕೈಗಳು ಮಾಡಿದ ಇನ್ನೊಂದು ಕೆಲಸವನ್ನು ನೋಡಬೇಕು. ವೇಗದ ಕಲ್ಲಿನ ಕೆಳಗೆ ಅಡಗಿದ ನಿಧಾನದ ಕಲ್ಲನ್ನು ಪತ್ತೆಹಚ್ಚುವ ಲೆಕ್ಕ ಅದು. ನನ್ನ ಮಟ್ಟಿಗೆ ನಮ್ಮ ಭೂಭೌತಶಾಸ್ತ್ರದ ಅತ್ಯಂತ ಪ್ರಾಮಾಣಿಕ ಲೆಕ್ಕಗಳಲ್ಲಿ ಇದೂ ಒಂದು.

ಬೋರಿನಲ್ಲಿ ಮದ್ದು ಸಿಡಿಸಿ, ಸಾಲಾಗಿ ನೆಟ್ಟ ಜಿಯೊಫೋನುಗಳನ್ನು ಅಲೆ ಮುಟ್ಟಿದ ಹೊತ್ತನ್ನು ಗುರುತು ಹಾಕುತ್ತಾರೆ. ದೂರ ಅಡ್ಡಕ್ಕೆ, ಹೊತ್ತು ಉದ್ದಕ್ಕೆ. ಮೊದಲು ಬಂದ ಅಲೆಗಳ ಚುಕ್ಕಿ ಸೇರಿಸಿದರೆ ಓರೆ ಗೆರೆಗಳು ಬೀಳುತ್ತವೆ. ಗೆರೆಯ ಓರೆಯಿಂದ ಪದರದ ವೇಗ ಸಿಗುತ್ತದೆ. ಗೆರೆಯನ್ನು ಹಿಂದಕ್ಕೆಳೆದರೆ ಸೊನ್ನೆ ದೂರದಲ್ಲಿ ಅದು ಕಡಿಯುವ ಹೊತ್ತಿನಿಂದ ಮೇಲಿನ ಪದರದ ದಪ್ಪ ಸಿಗುತ್ತದೆ. ಆಳಕ್ಕಿಳಿದಂತೆ ವೇಗ ಏರುತ್ತ ಹೋಗುವವರೆಗೆ ಈ ಲೆಕ್ಕಕ್ಕೆ ತೊಂದರೆಯಿಲ್ಲ. ವೇಗದ ಕಲ್ಲಿನ ಅಡಿಗೆ ನಿಧಾನದ ಕಲ್ಲು ಬಂದ ಕೂಡಲೇ ಲೆಕ್ಕ ಕೈಕೊಡುತ್ತದೆ. ಅಲ್ಲಿ ಅಲೆ ಕೆಳಕ್ಕೆ ಬಾಗುತ್ತದೆ, ಆ ಪದರದ ನೆತ್ತಿ ಹಿಡಿದು ಓಡಿ ಮೇಲೆ ಬರುವ ಅಲೆ ಹುಟ್ಟುವುದೇ ಇಲ್ಲ. ಕಿಲೊಮೀಟರು ದಪ್ಪದ ಕಲ್ಲಿದ್ದರೂ ಚುಕ್ಕಿಗಳಲ್ಲಿ ಅದಕ್ಕೆ ತನ್ನದೇ ಗೆರೆ ಇರುವುದಿಲ್ಲ.

ಇದು ಪುಸ್ತಕದ ತೊಡಕಲ್ಲ. ಡೆಕ್ಕನ್ ಟ್ರ್ಯಾಪಿನ ಕರಿಕಲ್ಲಿನಡಿ ಹಳೆಯ ಮರಳುಗಲ್ಲು, ಜೇಡಿಗಲ್ಲು ಇದ್ದರೆ ಆಗುವುದು ಇದೇ. ಕಡಪಾ ದ್ರೋಣಿಯ ಕಥೆಯೂ ಅದೇ ಜಾತಿಯದು. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಸುವ ಕಡಪಾ ಕಲ್ಲು ಈ ದ್ರೋಣಿಯ ಸುಣ್ಣಕಲ್ಲು, ಗಟ್ಟಿಯಾದದ್ದು, ಅಲೆಯನ್ನು ವೇಗವಾಗಿ ಸಾಗಿಸುವಂಥದ್ದು. ಅದರ ಕೆಳಗಿನ ಕಡಪಾ ಸಮೂಹದಲ್ಲಿ ತಾಡಪತ್ರಿ, ಕಂಬಂ ಜೇಡಿಗಲ್ಲುಗಳಿವೆ. ನಡುನಡುವೆ ಶಿಲಾಪಾಕ ನುಗ್ಗಿ ಗಟ್ಟಿಯಾದ ಹಾಸುಗಳೂ ಇವೆ. ವೇಗ, ನಿಧಾನ, ಮತ್ತೆ ವೇಗ. ಮೊದಲ ಅಲೆಗಳನ್ನಷ್ಟೇ ನಂಬಿ ಇಲ್ಲಿ ಆಳ ಹೇಳುವವರು ಎಡವುವುದು ಸಹಜ.

ಕೈಲಾ ಮತ್ತು ಹರಿ ನಾರಾಯಣ್ 1970ರಲ್ಲೇ ‘ಜಿಯೊಫಿಸಿಕ್ಸ್’ ಪತ್ರಿಕೆಯಲ್ಲಿ ಅಡಗಿದ ಪದರದ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. 1981ರಲ್ಲಿ ಕೈಲಾ, ತಿವಾರಿ, ಕೃಷ್ಣ ಮೂವರೂ ಅದೇ ಪತ್ರಿಕೆಯಲ್ಲಿ ಕೊಟ್ಟ ಉಪಾಯ ಹೀಗಿದೆ. ಮೇಲಿನ ವೇಗದ ಪದರದಲ್ಲಿ ಓಡುವ ಅಲೆ, ಪದರ ತೆಳುವಾಗಿದ್ದರೆ, ದೂರ ಹೋದಂತೆ ಸೊರಗಿ ಕಾಣದಾಗುತ್ತದೆ. ಅಲ್ಲಿಂದಾಚೆ ಮೊದಲು ಮುಟ್ಟುವುದು ಬುಡಶಿಲೆಯ ಅಲೆ. ಅದು ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ ನಿಧಾನದ ಪದರವನ್ನು ದಾಟಿರುತ್ತದೆ, ಹಾಗಾಗಿ ತಡವಾಗಿ ಬರುತ್ತದೆ. ನೆಟ್ಟಗೆ ಸಾಗುತ್ತಿದ್ದ ಚುಕ್ಕಿಗಳ ಗೆರೆ ತಟ್ಟನೆ ಕಡಿದು ಮೇಲಿನಿಂದ ಮತ್ತೆ ಶುರುವಾಗುತ್ತದೆ. ಕಾಣದ ಪದರ ಬಿಟ್ಟುಹೋದ ಗುರುತು ಈ ತಡ ಒಂದೇ. ತಡ ಎಷ್ಟೆಂದು ಅಳೆದು ದಪ್ಪ ಎಷ್ಟೆಂದು ಹೇಳಬಹುದು, ಆದರೆ ಒಂದು ಷರತ್ತಿನ ಮೇಲೆ: ನಿಧಾನದ ಪದರದಲ್ಲಿ ಅಲೆಯ ವೇಗ ಎಷ್ಟೆಂದು ಬೇರೆಲ್ಲಿಂದಲೋ ತಂದು ಹಾಕಬೇಕು.

ಆ ಷರತ್ತಿನ ಬೆಲೆ ಎಷ್ಟೆಂದು ಲೆಕ್ಕ ಮಾಡಿಯೇ ನೋಡೋಣ. ಬುಡಶಿಲೆಯಲ್ಲಿ ವೇಗ ಸೆಕೆಂಡಿಗೆ 6 ಕಿ.ಮೀ., ಅಡಗಿದ ಪದರದಲ್ಲಿ 3.5 ಕಿ.ಮೀ., ದಪ್ಪ 1 ಕಿ.ಮೀ. ಎಂದಿಟ್ಟುಕೊಂಡರೆ ಎರಡು ಸಲದ ದಾಟುವಿಕೆಯಿಂದ ಬುಡಶಿಲೆಯ ಅಲೆಗೆ ಸುಮಾರು 0.46 ಸೆಕೆಂಡು ತಡವಾಗುತ್ತದೆ. ಈಗ ತಡ ಅಷ್ಟೇ ಇರಲಿ, ವೇಗವನ್ನು 4 ಎಂದು ಊಹಿಸಿ. ದಪ್ಪ ಸುಮಾರು 1.25 ಕಿ.ಮೀ. ಆಗುತ್ತದೆ. 3 ಎಂದು ಊಹಿಸಿದರೆ 800 ಮೀಟರಿಗೆ ಇಳಿಯುತ್ತದೆ. ಅಳತೆ ಒಂದು ಕೂದಲೆಳೆಯೂ ಬದಲಾಗಿಲ್ಲ. ಒಂದು ಊಹೆಯ ಮೇಲೆ 450 ಮೀಟರು ಕಲ್ಲು ಬರುತ್ತದೆ, ಹೋಗುತ್ತದೆ. ಈ ವಿಧಾನದ ದೊಡ್ಡ ಗುಣವೆಂದರೆ ಊಹೆ ಎಲ್ಲಿ ಒಳಹೊಕ್ಕಿತು ಎಂಬುದು ಓದುಗನ ಕಣ್ಣೆದುರೇ ಇರುತ್ತದೆ. ಒಪ್ಪದವನು ತನ್ನ ವೇಗ ಹಾಕಿ, ಪೆನ್ಸಿಲು ಹಿಡಿದು, ಅರ್ಧ ಗಂಟೆಯಲ್ಲಿ ಬೇರೆ ಉತ್ತರ ತೆಗೆಯಬಹುದು.

ಇದರ ಮಿತಿಯೂ ಅಷ್ಟೇ ಬಿಚ್ಚಿಟ್ಟದ್ದು. 1993ರ ಭೂಕಂಪದ ನಂತರ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 617 ಮೀಟರು ಆಳಕ್ಕೆ ಬೋರು ಕೊರೆದರು. 338 ಮೀಟರು ಕರಿಕಲ್ಲು, ಅದರಡಿ ಕೇವಲ 8 ಮೀಟರು ಜಲಜಶಿಲೆ, ಆಮೇಲೆ ಬುಡಶಿಲೆ. ಮೇಲಿನ ವೇಗಗಳನ್ನೇ ಹಾಕಿದರೆ ಆ 8 ಮೀಟರಿನಿಂದಾಗುವ ತಡ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗಕ್ಕೂ ಕಡಿಮೆ. ಕಾಗದದ ಮೇಲೆ ಮೊದಲ ಅಲೆಯನ್ನು ಗುರುತಿಸುವಾಗ ಕಣ್ಣು ತಪ್ಪುವುದೇ ಅದಕ್ಕಿಂತ ಹೆಚ್ಚು. ಅಂಥ ಪದರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಸಿಗುತ್ತದೆಂದು ಕೈಲಾ ಹೇಳಲೂ ಇಲ್ಲ.

ಈಗ ಬಣ್ಣದ ಪಟಕ್ಕೆ ಬರುತ್ತೇನೆ. ಇಂದು ಎಲ್ಲರ ಬಾಯಲ್ಲಿರುವುದು ಪೂರ್ಣ ಅಲೆರೂಪದ ವಿಲೋಮ ಲೆಕ್ಕ. ಲಾಯಿ 1983ರಲ್ಲಿ, ಟರಾಂಟೋಲ 1984ರಲ್ಲಿ ಅಡಿಪಾಯ ಹಾಕಿದ್ದು. ಒಂದು ಮಾದರಿ ನೆಲವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರೊಳಗೆ ಅಲೆ ಹರಿಸಿ, ಬಂದ ಅಲೆರೂಪವನ್ನು ನಿಜವಾಗಿ ದಾಖಲಾದದ್ದರ ಪಕ್ಕ ಇಟ್ಟು, ವ್ಯತ್ಯಾಸ ಕಡಿಮೆಯಾಗುವಂತೆ ಮಾದರಿಯನ್ನು ಮತ್ತೆ ಮತ್ತೆ ತಿದ್ದುವುದು. ಗಣಿತ ಸುಂದರವಾಗಿದೆ. ಉತ್ತರ ಸಮುದ್ರದ ವಾಲ್‌ಹಾಲ್ ತೈಲಕ್ಷೇತ್ರದಲ್ಲಿ ಸಮುದ್ರತಳದ ತುಂಬ ಗ್ರಾಹಕಗಳನ್ನು ಹಾಸಿ ಇದರಿಂದ ಪಡೆದ ಚಿತ್ರಗಳು ನಿಜಕ್ಕೂ ಬೆರಗಿನವು, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಈ ಯಂತ್ರಕ್ಕೆ ಮೊದಲ ಮಾದರಿಯೊಂದನ್ನು ಉಣಿಸಲೇಬೇಕು, ಮತ್ತು ಅದು ಸತ್ಯಕ್ಕೆ ಸಾಕಷ್ಟು ಹತ್ತಿರವಿರಬೇಕು. ಊಹಿಸಿದ ಅಲೆಗೂ ದಾಖಲಾದ ಅಲೆಗೂ ಅರ್ಧ ಆವರ್ತಕ್ಕಿಂತ ಹೆಚ್ಚು ಅಂತರವಾದರೆ ಲೆಕ್ಕ ಪಕ್ಕದ ತಪ್ಪು ಅಲೆಗೆ ಕಚ್ಚಿಕೊಳ್ಳುತ್ತದೆ, ಅಲ್ಲಿಂದ ಬಿಡಿಸಿಕೊಳ್ಳುವುದಿಲ್ಲ. 5 ಹರ್ಟ್ಸ್ ಅಲೆಗೆ ಅರ್ಧ ಆವರ್ತವೆಂದರೆ 0.1 ಸೆಕೆಂಡು. ಅಡಗಿದ ಒಂದು ಕಿಲೊಮೀಟರಿನ ಪದರದಿಂದ ನಮ್ಮ ಲೆಕ್ಕದಲ್ಲಿ ಆದ ತಡ 0.46. ಆ ಪದರವಿಲ್ಲದ ಮಾದರಿಯಿಂದ ಹೊರಟ ಯಂತ್ರ ಎರಡು ಆವರ್ತ ದೂರದಲ್ಲಿ ಕಳೆದುಹೋಗಿ, ಅಲ್ಲೇ ತೃಪ್ತಿಪಟ್ಟು, ನುಣುಪಾದ ಬಣ್ಣದ ನೆಲವೊಂದನ್ನು ಕೊಡುತ್ತದೆ. ಅಂದರೆ 1981ರಲ್ಲಿ ಪೆನ್ಸಿಲಿನಿಂದ ಬಿಡಿಸಿದ ತೊಡಕನ್ನು ಬಿಡಿಸಿಕೊಂಡೇ ಇದರ ಬಳಿ ಹೋಗಬೇಕು.

ನುಣುಪಿನ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಮದ್ದು ಸಿಡಿಸುವ ಶಾಟ್ ಪಾಯಿಂಟುಗಳು ದೂರದೂರ ಇರುವಲ್ಲಿ ಯಾವ ಅಲೆಯೂ ಹಾಯದ ಜಾಗಗಳು ಉಳಿಯುತ್ತವೆ. ಹಳೆಯ ಚಿತ್ರದಲ್ಲಿ ಆ ಜಾಗ ಬಿಳಿಯಾಗಿರುತ್ತಿತ್ತು. ಹೊಸ ಲೆಕ್ಕದಲ್ಲಿ ಅಕ್ಕಪಕ್ಕದ ಬಣ್ಣ ಹರಡಿ ಅದನ್ನು ತುಂಬುತ್ತದೆ, ಏಕೆಂದರೆ ನುಣುಪಾಗಿರಲಿ ಎಂದು ನಾವೇ ಆಜ್ಞೆ ಕೊಟ್ಟಿರುತ್ತೇವೆ. ಇದಕ್ಕೆ ಸಮರ್ಥನೆಯಾಗಿ ಚದುರಂಗದ ಮಣೆಯಂಥ ಕೃತಕ ಮಾದರಿಯೊಂದನ್ನು ಕಟ್ಟಿ, ಅದು ಮರಳಿ ಬಂತು ನೋಡಿ ಎನ್ನುವ ಪರೀಕ್ಷೆಯನ್ನು ಪ್ರಬಂಧಕ್ಕೆ ಲಗತ್ತಿಸುತ್ತಾರೆ. ಸಣ್ಣ ಚೌಕಗಳು ಸರಿಯಾಗಿ ಮರಳಿದರೂ ಅದಕ್ಕಿಂತ ದೊಡ್ಡ ಆಕೃತಿ ಕೆಡಬಹುದೆಂದು ಲೆವೆಕ್ ಮತ್ತಿತರರು 1993ರಲ್ಲೇ ತೋರಿಸಿಕೊಟ್ಟರು. ಆದರೂ ಆ ಮಣೆ ಇಂದಿಗೂ ಅಚ್ಚಾಗುತ್ತಲೇ ಇದೆ.

ಇಲ್ಲಿ ಇನ್ನೊಂದು ಬಣದ ಜೊತೆ ಜಗಳವಾಡದೆ ವಿಧಿಯಿಲ್ಲ. ದೂರದ ಭೂಕಂಪಗಳ ಅಲೆ ತೊಗಟೆಯ ತಳವಾದ ಮೊಹೊ ಗಡಿಯಲ್ಲಿ ರೂಪ ಬದಲಿಸುವುದನ್ನು ಹಿಡಿದು ಭೂತೊಗಟೆಯ ದಪ್ಪ ಹೇಳುವವರು ಇವರು. 2003ರಿಂದೀಚೆಗೆ ಬಂದ ಇಂಥ ಅಧ್ಯಯನಗಳು ಪೂರ್ವ ಧಾರವಾಡ ಭಾಗಕ್ಕೆ 35 ಕಿ.ಮೀ. ಆಸುಪಾಸಿನ ದಪ್ಪವನ್ನೂ ಪಶ್ಚಿಮಕ್ಕೆ 40 ದಾಟಿ ಕೆಲವೆಡೆ 50ನ್ನೂ ಮೀರಿದ ದಪ್ಪವನ್ನೂ ಕೊಟ್ಟವು. ಕಾವಲಿ–ಉಡುಪಿ ಗೆರೆ ಪಶ್ಚಿಮದಲ್ಲಿ ಹೇಳಿದ್ದು 40ರ ಸುತ್ತಮುತ್ತ. ಅಷ್ಟಕ್ಕೇ ‘ಹಳೆಯ ಸಿಡಿಮದ್ದಿನ ಕಾಲ ಮುಗಿಯಿತು’ ಎಂಬ ಧಾಟಿ ಶುರುವಾಯಿತು. ನಾನು ಇದನ್ನು ಒಪ್ಪುವುದಿಲ್ಲ. ಇವರ ಕೈಯಲ್ಲಿರುವುದೂ ತಡವೇ, ಇವರು ತಂದು ಹಾಕುವುದೂ ಊಹೆಯೇ: ಎರಡು ಬಗೆಯ ಅಲೆಗಳ ವೇಗದ ಅನುಪಾತ. ಅದನ್ನು 1.73 ಎಂದುಕೊಂಡಾಗ 40 ಕಿ.ಮೀ. ಬರುವ ತೊಗಟೆ, 1.78 ಎಂದುಕೊಂಡರೆ ಸುಮಾರು 37.5 ಆಗುತ್ತದೆ. ಮರುಪ್ರತಿಫಲಿತ ಅಲೆಗಳನ್ನು ಸೇರಿಸಿ ಅನುಪಾತವನ್ನೂ ಅಳೆಯುತ್ತೇವೆ ಎನ್ನುತ್ತಾರೆ. ಆ ಅಲೆಗಳು ಸ್ಪಷ್ಟವಿದ್ದಲ್ಲಿ ಸರಿ. ಜೊತೆಗೆ ತೊಗಟೆಯ ತಳದಲ್ಲಿ ವೇಗ ಸೆಕೆಂಡಿಗೆ 7 ಕಿ.ಮೀ.ಗೂ ಮೀರಿದ ದಪ್ಪ ಪದರವಿದ್ದರೆ ಮೊಹೊ ಎಲ್ಲಿ ಎಂಬ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಗಡಿಯನ್ನು ಬೆರಳಿಟ್ಟು ತೋರಿಸುತ್ತಿರಬಹುದು. ಅದನ್ನು ಇತ್ಯರ್ಥ ಮಾಡುವ ಮೊದಲೇ ಒಬ್ಬರನ್ನು ಪಂಕ್ತಿಯಿಂದ ಎಬ್ಬಿಸುವುದು ವಿಮರ್ಶೆಯಾಗುವುದಿಲ್ಲ. ಆಳದ ಕಲ್ಲನ್ನೇ ಹೊತ್ತು ತರಬಲ್ಲ ಕಿಂಬರ್ಲೈಟ್ ಕೊಳವೆಗಳು ಅಲಂಪುರದ ವಾಯವ್ಯಕ್ಕೆ, ನಾರಾಯಣಪೇಟೆ ಸೀಮೆಯಲ್ಲೇ ಇವೆ. ಈ ಜಗಳದಲ್ಲಿ ಅವುಗಳನ್ನು ಸಾಕ್ಷಿಗೆ ಕರೆಯುವವರು ಕಡಿಮೆ.

ಹಾಗೆಂದು ಅಲಂಪುರದ ಗೆರೆಯನ್ನು ಪೂರ್ತಿ ಹೊಗಳಲಾರೆ. ಕೈಲಾ ಬಳಗದ ಛೇದಚಿತ್ರಗಳಲ್ಲಿ ಪ್ರತಿಫಲನಗಳು ತುಂಡು ತುಂಡಾಗಿ ಕಾಣುತ್ತವೆ. ಎರಡು ತುಂಡುಗಳ ಮಟ್ಟ ಹೊಂದದಿದ್ದಲ್ಲಿ ನಡುವೆ ನೆಟ್ಟಗೊಂದು ಸ್ತರಭಂಗ ಇಳಿಯುತ್ತದೆ, ಎಷ್ಟೋ ಕಡೆ ಮೊಹೊವರೆಗೂ. ನೆಟ್ಟಗಿನ ಬಿರುಕಿನಿಂದ ಅಲೆ ತಿರುಗಿ ಬರುವುದು ಅಪರೂಪ, ಹಾಗಾಗಿ ಆ ಗೆರೆ ಅಳತೆಯಿಂದ ಬಂದದ್ದಲ್ಲ, ಹೊಂದಾಣಿಕೆಯ ಕೊರತೆಯಿಂದ ಬಂದದ್ದು. ತೊಗಟೆಯನ್ನು ಬಿಡಿ ಬಿಡಿ ದಿಮ್ಮಿಗಳ ಸಾಲಾಗಿ ನೋಡುವ ಅಂದಿನ ಸೋವಿಯತ್ ಒಲವು ಇಲ್ಲಿ ಕೆಲಸ ಮಾಡಿದೆ ಎಂದೇ ನನ್ನ ಅನುಮಾನ. ಎರಡು ತುಂಡುಗಳ ನಡುವೆ ಇಳಿಜಾರು ಎಳೆದಿದ್ದರೂ ಚುಕ್ಕಿಗಳು ತಕರಾರು ಮಾಡುತ್ತಿರಲಿಲ್ಲ. ಗುರುತ್ವದ ಅಳತೆಯನ್ನು ಜೊತೆಗೆ ಸೇರಿಸಿಕೊಂಡಿದ್ದು 1987ರ ಪ್ರಬಂಧದ ಬಲವೇ ಆದರೂ, ಗುರುತ್ವ ತಾನೇ ಹತ್ತು ಬಗೆಯ ಉತ್ತರಕ್ಕೆ ಒಪ್ಪುವಂಥದ್ದು, ಬಿರುಕಿನ ಜಾಗಕ್ಕೆ ಅದು ಖಾತರಿ ಕೊಡಲಾರದು. ಈ ಸ್ತರಭಂಗಗಳನ್ನು ಆಮೇಲಿನವರು ನಕ್ಷೆಯಿಂದ ನಕ್ಷೆಗೆ ನಕಲು ಮಾಡಿಕೊಂಡು ನಡೆದದ್ದು ಪ್ರಬಂಧಕ್ಕೂ ಒಳ್ಳೆಯದು ಮಾಡಲಿಲ್ಲ.

ಆದರೂ ಈ ತಪ್ಪನ್ನು ನಾನು ಹೇಳಲಾಗುತ್ತಿರುವುದು ತುಂಡುಗಳನ್ನು ತುಂಡುಗಳಾಗಿಯೇ ಅಚ್ಚು ಹಾಕಿದ್ದರಿಂದ. ಈಚಿನ ದಶಕಗಳಲ್ಲಿ ಹೈದರಾಬಾದಿನ ಅದೇ ಸಂಸ್ಥೆಯವರು ಹಳೆಯ ದಾಖಲೆಗಳನ್ನು ಹೊರತೆಗೆದು, ಕಂಪ್ಯೂಟರಿನಲ್ಲಿ ಅಲೆಯ ದಾರಿ ಹಿಂಬಾಲಿಸುವ ವಿಧಾನದಿಂದ ಧಾರವಾಡ, ಕಡಪಾ ಗೆರೆಗಳಿಗೆ ಹೊಸ ಮಾದರಿ ಕಟ್ಟಿದ್ದಾರೆ. ಅದು ಆಗಲೇಬೇಕಾದ ಕೆಲಸ. ನನ್ನ ಬೇಡಿಕೆ ಒಂದೇ: ಅಲಂಪುರದ ಗೆರೆಗೆ ಯಾರೇ ಮುಂದೆ ಬಣ್ಣ ಹಾಕಲಿ, ಪಟದ ಪಕ್ಕದಲ್ಲಿ ಗುರುತಿಸಿದ ಮೊದಲ ಅಲೆಗಳ ಚುಕ್ಕಿಗಳನ್ನೂ, ಅಲೆ ಹಾಯದ ಜಾಗವನ್ನು ಬಿಳಿಯಾಗಿಯೂ, ಹೊರಟ ಮಾದರಿಯನ್ನೂ, ಅಷ್ಟೇ ಚೆನ್ನಾಗಿ ಹೊಂದುವ ಇನ್ನೊಂದು ಮಾದರಿಯನ್ನೂ ಅಚ್ಚು ಹಾಕಬೇಕು. ಇವು ನಾಲ್ಕೂ ಇಲ್ಲದ ಪಟವನ್ನು ಸಂಪಾದಕರು ವಾಪಸು ಕಳಿಸಬೇಕು.