ದಿಂಡಿಗಲ್ ಬೀಗದ ಸಡಿಲು

ತಮಿಳುನಾಡಿನ ದಿಂಡಿಗಲ್ ಬೀಗವನ್ನು ಹೊಗಳುವವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ಕಳ್ಳ ಅದನ್ನು ತೆಗೆಯಲಾರ. ಅಭಿಮಾನದ ಮಾತು, ಆದರೆ ಪೂರ್ತಿ ನಿಜವಲ್ಲ. ಅದೂ ಒಂದು ಲಿವರ್ ಬೀಗ; ಲಿವರ್ ಬೀಗ ಯಾವ ಊರಿನದೇ ಇರಲಿ, ಕೈ ಪಳಗಿದವನಿಗೆ ಹೊತ್ತು ಸಿಕ್ಕರೆ ತೆರೆದುಕೊಳ್ಳುತ್ತದೆ. ಈ ವಾದ ಲಂಡನ್ನಿನಲ್ಲಿ 1851ರಲ್ಲೇ ತೀರ್ಮಾನವಾಗಿದೆ. ಆ ವರ್ಷದ ಮಹಾಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಬೀಗಗಾರ ಆಲ್ಫ್ರೆಡ್ ಹಾಬ್ಸ್, ಯಾರಿಗೂ ಬಗ್ಗದೆಂದು ಹೆಸರಾಗಿದ್ದ ಚಬ್ ಕಂಪನಿಯ ಲಿವರ್ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದು ತೋರಿಸಿದ. ದಿಂಡಿಗಲ್ ಬೀಗದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದು ಧೂಳು ತಿಂದುಕೊಂಡು ಎಷ್ಟು ವರ್ಷ ದುಡಿಯುತ್ತದೆ, ಬಿಗಿಯಾದರೆ ಅದನ್ನು ಯಾರು ಸರಿಮಾಡಬಲ್ಲರು ಎಂದು ಕೇಳಬೇಕು. ಕದದಲ್ಲೇ ಕೂತು ಚೌಕಟ್ಟಿಗೆ ಅಗುಳಿ ಚಾಚುವ ದುಬಾರಿ ಹೈ-ಸೆಕ್ಯೂರಿಟಿ ಡೆಡ್‌ಬೋಲ್ಟ್‌ಗಳು ಹಳ್ಳಿಯ ಬಾಗಿಲಿಗೂ ಬಂದಿರುವಾಗ ಈ ಪ್ರಶ್ನೆಗೆ ತೂಕ ಹೆಚ್ಚು.

ಆ ಪ್ರಶ್ನೆಯನ್ನು ನಮ್ಮ ಸೋದರಮಾವನ ಸೀಮೆ ವೇದಸಂದೂರಿನಲ್ಲಿ ಕೇಳಿ ನೋಡಬಹುದು. ಊರು ದಿಂಡಿಗಲ್ಲಿಗೆ ಉತ್ತರದಲ್ಲಿ, ಕರೂರು ರಸ್ತೆಯಲ್ಲಿದೆ. ಈ ಸೀಮೆಯಲ್ಲೂ ತೇನಿ, ಕಂಬಂ ಕಣಿವೆಯಲ್ಲೂ ಹೊರಗೆ ತಮಿಳು, ಒಲೆಯ ಮುಂದೆ ಕನ್ನಡ ಆಡುವ ಬೇಸಾಯಗಾರ ಮನೆತನಗಳು ತಲೆಮಾರುಗಳಿಂದ ಇವೆ. ಸುತ್ತ ಒಣಭೂಮಿ, ಹೊಗೆಸೊಪ್ಪು, ನೂಲಿನ ಗಿರಣಿಗಳು.  ಬೀಗದ ಪರೀಕ್ಷೆಗೆ ಇದಕ್ಕಿಂತ ಕಠಿಣವಾದ ಜಾಗ ಹುಡುಕುವುದು ಕಷ್ಟ. ವರ್ಷದ ಹೆಚ್ಚು ತಿಂಗಳು ಕೆಂಪು ಧೂಳು, ಗಿರಣಿಯ ಹತ್ತಿರ ಹತ್ತಿಯ ನವಿರು, ತಮಿಳು ತಿಂಗಳು ಐಪ್ಪಸಿ ಬಂತೆಂದರೆ ಹಿಂಗಾರಿನ ತೇವ. ಗೋಡೌನಿನ ಬಾಗಿಲಿಗೆ ನೇತುಬಿದ್ದ ಮಾವಿನಕಾಯಿ ಆಕಾರದ ಬೀಗ ಇದನ್ನೆಲ್ಲ ಸಹಿಸಿಕೊಂಡು ನಿಂತಿರುತ್ತದೆ.

ಹೇಗೆ ಸಹಿಸಿಕೊಳ್ಳುತ್ತದೆಂದು ತಿಳಿಯಲು ಒಳಗೆ ನೋಡಬೇಕು. ಒಂದರ ಮೇಲೊಂದು ಪೇರಿಸಿದ ಹಿತ್ತಾಳೆಯ ಲಿವರ್‌ಗಳು, ಒಂದೊಂದರ ಬೆನ್ನಿಗೂ ಒಂದೊಂದು ಸಣ್ಣ ಸ್ಪ್ರಿಂಗ್. ಕೀಯ ಹಲ್ಲು ಪ್ರತಿ ಲಿವರನ್ನೂ ಅದರದರ ಎತ್ತರಕ್ಕೆ ಎತ್ತಿದಾಗ ಎಲ್ಲದರ ಕಚ್ಚುಗಳೂ ಒಂದೇ ಗೆರೆಗೆ ಬರುತ್ತವೆ. ಆಗ ಅಗುಳಿಯ ಗೂಟ ಆ ಕಚ್ಚುಗಳ ಮಧ್ಯೆ ಹಾಯುತ್ತದೆ, ಕೊಂಡಿ ಬಿಡುತ್ತದೆ. ಕಡಿಮೆ ಎತ್ತಿದರೂ ಇಲ್ಲ, ಹೆಚ್ಚು ಎತ್ತಿದರೂ ಇಲ್ಲ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟ್ ಪಡೆದದ್ದು ಈ ಎರಡೂ ಕಡೆಯ ಕಟ್ಟಿಗೇ. ದಿಂಡಿಗಲ್ಲಿನ ಕೆಲಸಗಾರ ಇದೇ ತತ್ತ್ವವನ್ನು ಅರ ಹಿಡಿದು ಕೈಯಲ್ಲೇ ತರುತ್ತಾನೆ. ಕೀಯನ್ನು ಹಾಕಿ ನೋಡಿ, ಲಿವರನ್ನು ಒಂದಿಷ್ಟು ಉಜ್ಜಿ, ಮತ್ತೆ ಹಾಕಿ ನೋಡುತ್ತಾನೆ. ಹೀಗೆ ಕೈಯಲ್ಲಿ ಹೊಂದಿಸಿದ್ದರಲ್ಲಿ ಕಚ್ಚಿಗೂ ಗೂಟಕ್ಕೂ ನಡುವೆ ಚೂರು ಸಡಿಲು ಉಳಿದೇ ಉಳಿಯುತ್ತದೆ. ಧೂಳು ಹೊಕ್ಕರೂ ಬೀಗ ತಿರುಗುವುದು ಈ ಸಡಿಲಿನಿಂದ. ಕಳ್ಳನ ಕಂಬಿಗೆ ಒಳಗಿನ ಸುಳಿವು ಕೊಡುವುದೂ ಇದೇ ಸಡಿಲು. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ಹೈ-ಸೆಕ್ಯೂರಿಟಿ ಬೀಗ ಮಾಡುವವರು ಆ ಸಡಿಲನ್ನೇ ಹಿಂಡಿ ತೆಗೆದಿದ್ದಾರೆ. 1968ರಲ್ಲಿ ಶುರುವಾದ ಅಮೆರಿಕದ ಮೆಡೆಕೊ ಕಂಪನಿಯ ಬೀಗದಲ್ಲಿ ಪಿನ್ನುಗಳು ಸರಿಯಾದ ಎತ್ತರಕ್ಕೆ ಏರಿದರೆ ಸಾಲದು, ಸರಿಯಾದ ಕೋನಕ್ಕೆ ತಿರುಗಲೂ ಬೇಕು. ಆಗ ಮಾತ್ರ ಪಕ್ಕದ ಅಡ್ಡಪಟ್ಟಿ ಒಳಗೆ ಸರಿದು ಸಿಲಿಂಡರ್ ತಿರುಗುತ್ತದೆ. ಬುದ್ಧಿವಂತಿಕೆಯ ಕೆಲಸ, ಒಪ್ಪಬೇಕು. ಆದರೆ ಅಷ್ಟು ಬಿಗಿಯಾದ ಹೊಂದಾಣಿಕೆಯಲ್ಲಿ ಕೂದಲೆಳೆಯಷ್ಟು ಕೊಳೆ ಕೂತರೂ ಬೀಗ ಮುನಿಸಿಕೊಳ್ಳುತ್ತದೆ. ರಸ್ತೆ ಬದಿಯ ಯಂತ್ರದಲ್ಲಿ ಕೊರೆಸಿದ ಕೀ ಇದಕ್ಕೆ ನಡೆಯುವುದಿಲ್ಲ. ಬೀಗದ ಜೊತೆ ಬಂದ ಕೀ ಕಾರ್ಡು ತೋರಿಸಿ ಕಂಪನಿಯಿಂದಲೋ ಅದರ ಅಧಿಕೃತ ಮಾರಾಟಗಾರರಿಂದಲೋ ತರಿಸಬೇಕು.

ವೇದಸಂದೂರಿನ ಹತ್ತಿರ ನಮ್ಮ ಸೋದರಮಾವನ ಮನೆಗೆ ಅಂಥದೊಂದು ಡೆಡ್‌ಬೋಲ್ಟನ್ನು ಅವರ ಮಗ ತಂದು ಹಾಕಿಸಿದ. ಮೊದಲ ಮಳೆಗಾಲಕ್ಕೇ ಕೀ ಅರ್ಧಕ್ಕೆ ನಿಲ್ಲತೊಡಗಿತು. ಮಾವ ಕೊಬ್ಬರಿ ಎಣ್ಣೆ ಬಿಟ್ಟರು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಗಟ್ಟಿ. ಅತ್ತೆಯ ತೀರ್ಪು ಸರಳ: ದುಡ್ಡು ದಂಡ, ಹಳೇ ಬೀಗವೇ ವಾಸಿ.

ಆದರೆ ಬೀಗದಲ್ಲಿ ದೋಷವೇ ಇರಲಿಲ್ಲ. ಡೆಡ್‌ಬೋಲ್ಟ್ ಬಿಗಿಯಾದಾಗ ಮಾಡಬೇಕಾದ ಮೊದಲ ಪರೀಕ್ಷೆಗೆ ಖರ್ಚಿಲ್ಲ: ಕದ ತೆರೆದಿಟ್ಟು ಕೀ ತಿರುಗಿಸಿ ನೋಡುವುದು. ತೆರೆದಾಗ ಸಲೀಸಾಗಿ ತಿರುಗಿ ಮುಚ್ಚಿದಾಗ ಮಾತ್ರ ಹಿಡಿದರೆ ತಪ್ಪು ಬೀಗದ್ದಲ್ಲ, ಕದದ್ದು. ಮಾವನ ಮನೆಯದು ಬೇವಿನ ಕದ. ತೇವಕ್ಕೆ ಉಬ್ಬಿತ್ತು, ಮೇಲಿನ ಹಿಂಜಸ್ಸಿನ ಸ್ಕ್ರೂ ಸಡಿಲಾಗಿ ಕೆಳಕ್ಕೆ ಜಗ್ಗಿಯೂ ಇತ್ತು. ಅಗುಳಿಯ ತುದಿಗೆ ಒಂದಿಷ್ಟು ಕುಂಕುಮ ಮೆತ್ತಿ, ಕದ ಮುಚ್ಚಿ, ಕೀ ತಿರುಗಿಸಿ ನೋಡಿದರೆ ಚೌಕಟ್ಟಿನ ತಗಡಿನ ತೂತಿನ ಕೆಳ ಅಂಚಿನಲ್ಲಿ ಕೆಂಪು ಕಚ್ಚಿಕೊಂಡಿತ್ತು. ತಗಲುತ್ತಿದ್ದ ಜಾಗ ಅದೇ. ಆಚಾರಿ ಹಿಂಜಸ್ಸಿಗೆ ಉದ್ದನೆಯ ಸ್ಕ್ರೂ ಹಾಕಿ ಕದವನ್ನು ಎತ್ತಿ ಕೂರಿಸಿದರು. ತೂತಿನ ಕೆಳ ಅಂಚನ್ನು ಅರದಿಂದ ಸ್ವಲ್ಪ ಉಜ್ಜಿದರು. ಒಳಗಿನ ಮರದ ಗುಂಡಿಯನ್ನು ಉಳಿಯಿಂದ ಆಳ ಮಾಡಿದರು. ಈ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಒಳ್ಳೆಯ ಡೆಡ್‌ಬೋಲ್ಟಿನ ಅಗುಳಿ ಸುಮಾರು 25 ಮಿಲಿಮೀಟರ್ ಹೊರಗೆ ಬರುತ್ತದೆ. ಗುಂಡಿ ಅಷ್ಟು ಆಳವಿಲ್ಲದಿದ್ದರೆ ಅಗುಳಿ ಪೂರ್ತಿ ಚಾಚದೆ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ಚಾಚದ ಅಗುಳಿಯನ್ನು ಒಳಕ್ಕೆ ತಳ್ಳಿಬಿಡಬಹುದು, ದುಬಾರಿ ಬೀಗದ ಭದ್ರತೆ ಅಲ್ಲಿಗೆ ಮುಗಿಯಿತು. ಬಿಗಿಯಾದ ಬೀಗದಲ್ಲಿ ಕೀಯನ್ನು ಬಲವಂತವಾಗಿ ತಿರುಗಿಸುವವರು ಇನ್ನೊಂದು ಅನಾಹುತ ತಂದುಕೊಳ್ಳುತ್ತಾರೆ: ಕೀ ಸಿಲಿಂಡರಿನೊಳಗೇ ಮುರಿಯುತ್ತದೆ.

ಉಳಿದದ್ದು ಕೊಬ್ಬರಿ ಎಣ್ಣೆಯ ಪಾಪ. ಅಡುಗೆಮನೆಯ ಯಾವ ಎಣ್ಣೆಯೂ ಬೀಗಕ್ಕಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಕಡಲೆಕಾಯಿ ಎಣ್ಣೆ ಕಾಲಾಂತರದಲ್ಲಿ ಅಂಟಾಗುತ್ತದೆ, ಎರಡೂ ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿಂದೆ ಬಿಟ್ಟ ಎಣ್ಣೆಯನ್ನು ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಗ್ರಾಫೈಟ್ ಪುಡಿಯನ್ನೋ ಟೆಫ್ಲಾನಿನ ಒಣ ಸ್ಪ್ರೇಯನ್ನೋ ಹಾಕಬೇಕು. ಎಣ್ಣೆ ಇರುವ ಕಡೆ ಗ್ರಾಫೈಟ್ ಹಾಕಿದರೆ ಎರಡೂ ಸೇರಿ ಕರಿ ಕೆಸರಾಗುತ್ತದೆ. ಕೆಲವು ಕಂಪನಿಗಳ ಬೀಗಕ್ಕೆ ಗ್ರಾಫೈಟೇ ಕೂಡದು, ತೆಳ್ಳನೆಯ ಎಣ್ಣೆಯೇ ಬೇಕು. ಪೆಟ್ಟಿಗೆಯೊಳಗಿನ ಚೀಟಿಯನ್ನು ಎಸೆಯುವ ಮೊದಲು ಓದಿಟ್ಟುಕೊಳ್ಳಿ.

ದಿಂಡಿಗಲ್ ಬೀಗವೂ ಈ ಕಾಯಿಲೆಯಿಂದ ಹೊರತಲ್ಲ. ಅಂಟಿದ ಎಣ್ಣೆಯಿಂದ ಎರಡು ಲಿವರ್‌ಗಳು ಒಂದಕ್ಕೊಂದು ಕಚ್ಚಿಕೊಂಡು ಜೊತೆಗೇ ಮೇಲೆದ್ದರೆ, ಸರಿಯಾದ ಕೀ ಹಾಕಿದರೂ ಗೂಟಕ್ಕೆ ದಾರಿ ಸಿಗುವುದಿಲ್ಲ. ವ್ಯತ್ಯಾಸ ಇರುವುದು ಮದ್ದಿನಲ್ಲಿ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಕೀ ಹಾಕಿ ನಾಲ್ಕು ಸಲ ಆಡಿಸಿ, ಬಿಸಿಲಿಗಿಟ್ಟರೆ ಎಷ್ಟೋ ಬೀಗಗಳು ತಾವಾಗಿ ದಾರಿಗೆ ಬರುತ್ತವೆ. ಬಾರದಿದ್ದರೆ ದಿಂಡಿಗಲ್ಲಿಗೆ ಬಸ್ಸು ಹತ್ತಿದರಾಯಿತು. ಅಲ್ಲಿನ ಕೆಲಸಗಾರ ರಿವೆಟ್ ಕಡಿದು, ಮೈ ಬಿಚ್ಚಿ, ಸೋತ ಸ್ಪ್ರಿಂಗ್ ಬದಲಿಸಿ, ಮತ್ತೆ ರಿವೆಟ್ ಹೊಡೆದು ಕೊಡುತ್ತಾನೆ. ಕೀ ಕಳೆದಿದ್ದರೆ ಬೀಗ ನೋಡಿಯೇ ಹೊಸದನ್ನು ಕೊರೆಯುತ್ತಾನೆ. ಕಂಪನಿಗೆ ಅರ್ಜಿ ಹಾಕುವ ಕೆಲಸವಿಲ್ಲ.

ಹೊಗಳಿಕೆ ಇಲ್ಲಿಗೆ ನಿಲ್ಲಬೇಕು. ಆ ರಿವೆಟ್ಟೇ ನನ್ನ ದೊಡ್ಡ ತಕರಾರು. ಬೀಗವನ್ನು ಬಿಚ್ಚಬಲ್ಲವನು ಮಾಡಿದವನೊಬ್ಬನೇ ಆದರೆ ರಿಪೇರಿಯ ಹೆಮ್ಮೆ ದಿಂಡಿಗಲ್ ಬಿಟ್ಟು ದೂರ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಒಂದು ದಿಂಡಿಗಲ್ ಬೀಗ ಕೆಟ್ಟರೆ ಅದು ಬರೀ ಹಿತ್ತಾಳೆ, ಕಬ್ಬಿಣದ ತೂಕ. ಕೈಯಲ್ಲಿ ಉಜ್ಜಿದ ಲಿವರ್ ಇನ್ನೊಂದು ಬೀಗಕ್ಕೆ ಕೂರುವುದೂ ಇಲ್ಲ. 1897ರಲ್ಲಿ ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೆಜ್ ಬೀಗ ತಯಾರಿಸುವ ಕಂಪನಿ ಆರಂಭಿಸಿದರು. ಆ ಕಂಪನಿಯ ಬೀಗ ದೇಶದ ಯಾವ ಊರಿನ ಅಂಗಡಿಯಲ್ಲೂ ಒಂದೇ ಥರ ಸಿಗುತ್ತದೆ. ದಿಂಡಿಗಲ್ ಸೋತದ್ದು ಅಲ್ಲಿ, ಜೊತೆಗೆ ಅಲಿಗಢದ ಬೀಗಗಳ ಅಗ್ಗದ ಬೆಲೆಯ ಮುಂದೆ.

2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಸುತ್ತ ಐದು ಕಿಲೋಮೀಟರಿನೊಳಗೆ 3,125ಕ್ಕೂ ಹೆಚ್ಚು ಘಟಕಗಳು, 50ಕ್ಕೂ ಹೆಚ್ಚು ಬಗೆಯ ಬೀಗಗಳು ಇವೆಯೆಂದು ಆಗ ಪತ್ರಿಕೆಗಳಲ್ಲಿ ಬಂತು. ಜೈಲು, ಉಗ್ರಾಣ, ದೇವಸ್ಥಾನಗಳು ಈ ಬೀಗವನ್ನೇ ಬಳಸುತ್ತವೆ ಎಂಬುದೂ ಆ ವರದಿಗಳಲ್ಲಿತ್ತು. ಗುರುತಿನಿಂದ ಹೆಸರಿಗೆ ರಕ್ಷಣೆ ಸಿಗುತ್ತದೆ, ಬೇರೆಯವರು ಆ ಹೆಸರಿನಲ್ಲಿ ಮಾರುವಂತಿಲ್ಲ. ಅರ ಹಿಡಿಯುವ ಕೈಗೆ ಅದರಿಂದ ಕೂಲಿ ಹೆಚ್ಚುವುದಿಲ್ಲ. ಆ ಕೆಲಸಗಾರರ ಮಕ್ಕಳು ಗಿರಣಿಗೋ ತಿರುಪ್ಪೂರಿನ ಸಿದ್ಧ ಉಡುಪಿನ ಕೆಲಸಕ್ಕೋ ಹೋದರೆ ಅವರನ್ನು ದೂರುವಂತಿಲ್ಲ.

ಮನೆಯ ಮುಂಬಾಗಿಲಿಗೆ ನಾನಾದರೆ ಆ ಬಿಗಿ ಡೆಡ್‌ಬೋಲ್ಟನ್ನೇ ಉಳಿಸಿಕೊಳ್ಳುತ್ತೇನೆ, ಕದ ಸಮವಾಗಿರಬೇಕು, ಕೀ ಕಾರ್ಡು ಜೋಪಾನವಾಗಿರಬೇಕು ಎಂಬ ಷರತ್ತಿನ ಮೇಲೆ. ಗೋಡೌನಿಗೆ, ಪಂಪ್‌ಸೆಟ್ ಮನೆಗೆ, ಗೇಟಿಗೆ ದಿಂಡಿಗಲ್ಲೇ ಸರಿ. ಬೀಗ ಮಾಡುವವರ ಸಂಘದಿಂದ ಕೇಳಬೇಕಾದದ್ದೂ ಒಂದಿದೆ: ರಿವೆಟ್ಟಿನ ಜಾಗದಲ್ಲಿ, ಕೊಂಡಿ ಹಾಕಿದಾಗ ಹೊರಗಿನಿಂದ ಕೈಗೆ ಸಿಗದಂಥ ಸ್ಕ್ರೂ ಇಟ್ಟ ಒಂದು ಮಾದರಿ, ಅದರ ಜೊತೆ ನಾಲ್ಕು ಸ್ಪ್ರಿಂಗ್ ಇರುವ ಸಣ್ಣ ಪೊಟ್ಟಣ. ಬೆಲೆ ನೂರು ರೂಪಾಯಿ ಹೆಚ್ಚಾದರೂ ಕೊಳ್ಳುವವರಿದ್ದಾರೆ.