ಮುಖಪುಟದ ಆಚೆಗೆ: ಪ್ರತಿಸಂಸ್ಕೃತಿ ಪತ್ರಿಕೆಗಳ ಸಂಗ್ರಹ ಕುರಿತು

ಯುದ್ಧವಿರೋಧ, ರಾಕ್ ಸಂಗೀತ ಮತ್ತು ಹೊಸ ಜೀವನಕ್ರಮದ ಹಂಬಲಗಳಿಂದ ರೂಪುಗೊಂಡ 1960ರ ದಶಕದ ಪ್ರತಿಸಂಸ್ಕೃತಿಯು ತನ್ನದೇ ಆದ ಪತ್ರಿಕೆಗಳನ್ನು ಹುಟ್ಟುಹಾಕಿತು. ಲಾಸ್ ಏಂಜಲೀಸ್ ಫ್ರೀ ಪ್ರೆಸ್ (1964), ಬರ್ಕ್ಲಿ ಬಾರ್ಬ್ (1965), ಲಂಡನ್ನಿನ ಇಂಟರ್‌ನ್ಯಾಷನಲ್ ಟೈಮ್ಸ್ (1966) ಇವುಗಳಲ್ಲಿ ಪ್ರಮುಖವಾದವು. ಓದಿ ಎಸೆಯಲೆಂದೇ ಅಗ್ಗದ ಕಾಗದದಲ್ಲಿ ಅಚ್ಚಾದ ಈ ಹಾಳೆಗಳು ಇಂದು ಸಂಗ್ರಾಹಕರ ಅಪೇಕ್ಷೆಯ ವಸ್ತುಗಳಾಗಿವೆ. ಈ ಅಪೇಕ್ಷೆಯ ಸ್ವರೂಪವನ್ನು ವಿಮರ್ಶೆಗೆ ಒಳಪಡಿಸುವುದು ಅಗತ್ಯ.

ಮಾರುಕಟ್ಟೆಯಲ್ಲಿ ಸಂಚಿಕೆಯೊಂದರ ಬೆಲೆಯನ್ನು ಬಹುಮಟ್ಟಿಗೆ ಮುಖಪುಟದ ತಾರೆಯೇ ನಿರ್ಧರಿಸುತ್ತಾನೆ. 1967ರ ನವೆಂಬರ್ 9ರ ದಿನಾಂಕವುಳ್ಳ ರೋಲಿಂಗ್ ಸ್ಟೋನ್‌ನ ಮೊದಲ ಸಂಚಿಕೆ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಮುಖಪುಟದಲ್ಲಿರುವುದು ಚಲನಚಿತ್ರವೊಂದರ ಸೈನಿಕವೇಷದಲ್ಲಿರುವ ಜಾನ್ ಲೆನನ್. ಹೀಗೆ ಬಿಡಿ ಸಂಚಿಕೆಗಳು ಆಯ್ಕೆಯಾಗುತ್ತ ಹೋದಂತೆ ಪತ್ರಿಕೆಯ ಸರಣಿ ಛಿದ್ರವಾಗುತ್ತದೆ. ತಾರೆಯಿಲ್ಲದ ಸಂಚಿಕೆ ಕೇಳುವವರಿಲ್ಲದೆ ನಾಶವಾಗುತ್ತದೆ.

ಇದರಿಂದಾಗುವ ನಷ್ಟವೇನು? ಈ ಪತ್ರಿಕೆಗಳಲ್ಲಿ ಅನೇಕವು ಧ್ವನಿಮುದ್ರಣ ಸಂಸ್ಥೆಗಳ ಜಾಹೀರಾತುಗಳನ್ನು ಅವಲಂಬಿಸಿದ್ದವು. ಕೊಲಂಬಿಯಾ ಸಂಸ್ಥೆಯ ಜಾಹೀರಾತುಗಳು ಇವುಗಳಿಗೆ ನೆರವಾಗುತ್ತಿವೆಯೆಂದೂ ಅದನ್ನು ತಡೆಯಬೇಕೆಂದೂ ಎಫ್‌ಬಿಐನ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿ 1969ರ ಜನವರಿಯಲ್ಲಿ ಸೂಚಿಸಿತು. ಅದೇ ವರ್ಷ ಆ ಸಂಸ್ಥೆ ಹೆಚ್ಚಿನ ಭೂಗತ ಪತ್ರಿಕೆಗಳಿಗೆ ಜಾಹೀರಾತು ನೀಡುವುದನ್ನು ನಿಲ್ಲಿಸಿತು. ಪುಟಗಳಿಂದ ಜಾಹೀರಾತು ಮರೆಯಾದುದಕ್ಕೆ ಸಾಕ್ಷ್ಯ ದೊರೆಯುವುದು ಅನುಕ್ರಮವಾಗಿ ಜೋಡಿಸಿದ ಸಂಚಿಕೆಗಳಲ್ಲಿ ಮಾತ್ರ. ತಾರೆಯ ಮುಖಪುಟ ಎಷ್ಟೇ ಅಪೂರ್ವವಾಗಿದ್ದರೂ ಈ ಇಲ್ಲದಿರುವಿಕೆಯನ್ನು ತೋರಿಸಲಾರದು.

ಹಾಗಿದ್ದರೆ ಗ್ರಂಥಾಲಯಗಳಲ್ಲಿರುವ ಮೈಕ್ರೊಫಿಲ್ಮ್ ಸಾಲದೇ ಎಂಬ ಪ್ರಶ್ನೆ ಸಹಜ. ಸ್ಯಾನ್ ಫ್ರಾನ್ಸಿಸ್ಕೊ ಆರಕಲ್ 1966ರಿಂದ 1968ರವರೆಗೆ ಕೇವಲ ಹನ್ನೆರಡು ಸಂಚಿಕೆಗಳಲ್ಲಿ ಪ್ರಕಟವಾಯಿತು. ಮುದ್ರಣಯಂತ್ರದ ಒಂದೇ ಮಸಿಪಾತ್ರೆಯನ್ನು ವಿಭಾಗಿಸಿ, ಬಣ್ಣಗಳು ಒಂದರೊಳಗೊಂದು ಕರಗುವಂತೆ ಮಾಡಿದ್ದು ಅದರ ವೈಶಿಷ್ಟ್ಯ. ಅಲ್ಲಿ ಬಣ್ಣವೇ ಅರ್ಥದ ಭಾಗ. ಕಪ್ಪುಬಿಳುಪಿನ ಚಿತ್ರಸುರುಳಿಯಲ್ಲಿ ಆ ಅರ್ಥ ಉಳಿಯುವುದಿಲ್ಲ. ಮರದ ತಿರುಳಿನ ಕಾಗದವೋ ಕಾಲಕ್ರಮದಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ.

ಸಂಗ್ರಾಹಕರ ಉಪಕಾರವನ್ನು ಇಲ್ಲಿ ಮರೆಯುವಂತಿಲ್ಲ. ಸಾರ್ವಜನಿಕ ಸಂಸ್ಥೆಗಳು ಅಲಕ್ಷಿಸಿದ ಎಷ್ಟೋ ಹಾಳೆಗಳು ಅವರ ಅಭಿಮಾನದಿಂದಲೇ ಉಳಿದಿವೆ. ಆದರೆ ಅಭಿಮಾನವು ಉಳಿಸುವುದು ತಾನು ಮೆಚ್ಚಿದುದನ್ನು. ಸಂಶೋಧನೆಗೆ ಬೇಕಾದುದು ಮೆಚ್ಚದೇ ಬಿಟ್ಟುದೂ ಹೌದು. ಓದುಗರ ಪತ್ರ, ಬಾಡಿಗೆಮನೆಯ ಪ್ರಕಟಣೆ, ಹೆಸರಿಲ್ಲದ ವಾದ್ಯವೃಂದದ ಕಾರ್ಯಕ್ರಮಪಟ್ಟಿ ಇವುಗಳನ್ನು ಒಳಗೊಂಡ ಪೂರ್ಣ ಸರಣಿಯನ್ನೇ ಆಕರದ ಘಟಕವೆಂದು ಪರಿಗಣಿಸಿದಾಗ ಮಾತ್ರ ಸಂಗ್ರಹವು ಚರಿತ್ರೆಗೆ ಒದಗುತ್ತದೆ.